ಉಪ ಪ್ರಧಾನಿ, ಉಪ ಮುಖ್ಯಮಂತ್ರಿ: ಹುದ್ದೆಯ ತೂಕ ಎಲ್ಲಿಂದ ಬರುತ್ತದೆ?

ಸಂವಿಧಾನದಲ್ಲಿ ಇಲ್ಲದ ಹೆಸರು

ನಮ್ಮ ಸಂವಿಧಾನದ 75 ಮತ್ತು 164ನೇ ವಿಧಿಗಳು ಪ್ರಧಾನಿ, ಮುಖ್ಯಮಂತ್ರಿ ಮತ್ತು ಇತರ ಸಚಿವರನ್ನು ಮಾತ್ರ ಬಲ್ಲವು. ‘ಉಪ’ ಎಂಬ ಹುದ್ದೆಯ ಪ್ರಸ್ತಾಪ ಅಲ್ಲಿಲ್ಲ. 1989ರಲ್ಲಿ ದೇವಿಲಾಲ್ ಪ್ರಮಾಣವಚನದಲ್ಲಿ ‘ಉಪ ಪ್ರಧಾನಿ’ ಎಂದೇ ಓದಿದ್ದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಅದು ವರ್ಣನೆ ಮಾತ್ರ, ಅವರೂ ಉಳಿದವರಂತೆ ಒಬ್ಬ ಸಚಿವರೇ ಎಂಬ ನಿಲುವನ್ನು ನ್ಯಾಯಾಲಯ ಒಪ್ಪಿತು. 2024ರಲ್ಲಿ ಉಪ ಮುಖ್ಯಮಂತ್ರಿಗಳ ನೇಮಕ ಪ್ರಶ್ನಿಸಿದ ಅರ್ಜಿಯೂ ವಜಾ ಆಯಿತು.

ಪ್ರಧಾನಿ ಇಲ್ಲದಾಗ

ಪ್ರಧಾನಿ ತೀರಿಕೊಂಡರೆ ಉಪ ಪ್ರಧಾನಿ ತಾನಾಗಿಯೇ ಆ ಸ್ಥಾನಕ್ಕೆ ಏರುವುದಿಲ್ಲ. 1964ರಲ್ಲಿ ನೆಹರೂ, 1966ರಲ್ಲಿ ಶಾಸ್ತ್ರಿ ನಿಧನರಾದಾಗ ಉಪ ಪ್ರಧಾನಿ ಹುದ್ದೆಯಲ್ಲಿ ಯಾರೂ ಇರಲಿಲ್ಲ. ಎರಡು ಸಲವೂ ಗುಲ್ಜಾರಿಲಾಲ್ ನಂದಾ ಹಂಗಾಮಿ ಪ್ರಧಾನಿಯಾದರು. ಬ್ರಿಟನ್ನಿನಲ್ಲಿಯೂ ಉಪ ಪ್ರಧಾನಿಯದು ಸಂಪ್ರದಾಯದ ಮೇಲೆ ನಿಂತ ಹುದ್ದೆ. ಆದರೆ ಜರ್ಮನಿ ತನ್ನ ಮೂಲ ಕಾನೂನಿನ 69ನೇ ವಿಧಿಯಲ್ಲೇ ಬರೆದಿಟ್ಟಿದೆ: ಚಾನ್ಸಲರ್ ಒಬ್ಬ ಸಚಿವರನ್ನು ತಮ್ಮ ಪ್ರತಿನಿಧಿಯಾಗಿ ನೇಮಿಸಬೇಕು. ನಮ್ಮಲ್ಲೂ ಇಷ್ಟು ಸ್ಪಷ್ಟತೆ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಖಾತೆಯೇ ಬಲ

ಹಾಗಾದರೆ ಬಲ ಬರುವುದೆಲ್ಲಿಂದ? ಕೈಯಲ್ಲಿರುವ ಖಾತೆಯಿಂದ, ಬೆನ್ನಿಗಿರುವ ಶಾಸಕರಿಂದ. ಮೊದಲ ಉಪ ಪ್ರಧಾನಿ ಸರ್ದಾರ್ ಪಟೇಲರ ಕೈಯಲ್ಲಿ ಗೃಹ ಖಾತೆಯೂ ದೇಶೀ ಸಂಸ್ಥಾನಗಳ ಖಾತೆಯೂ ಇದ್ದವು. ಐನೂರಕ್ಕೂ ಹೆಚ್ಚು ಸಂಸ್ಥಾನಗಳ ವಿಲೀನ ನಡೆದದ್ದು ಆ ಅಧಿಕಾರದಿಂದ. ಮೊರಾರ್ಜಿ ದೇಸಾಯಿ ಅವರ ಕಥೆ ಇದಕ್ಕೆ ತಿರುಗುಮುರುಗು. 1969ರ ಜುಲೈನಲ್ಲಿ ಪ್ರಧಾನಿ ಇಂದಿರಾ ಗಾಂಧಿ, ದೇಸಾಯಿ ಅವರಿಂದ ಹಣಕಾಸು ಖಾತೆ ಕಿತ್ತುಕೊಂಡರು. ಉಪ ಪ್ರಧಾನಿ ಸ್ಥಾನ ಉಳಿದಿತ್ತು, ಆದರೆ ಖಾತೆಯಿಲ್ಲದ ಸ್ಥಾನದಲ್ಲಿ ಕೂರಲೊಲ್ಲದೆ ಅವರು ರಾಜೀನಾಮೆ ಕೊಟ್ಟರು.

ಕರ್ನಾಟಕದ ಅನುಭವ

ವೀರಪ್ಪ ಮೊಯಿಲಿ ಸಂಪುಟದಲ್ಲಿ ಎಸ್.ಎಂ. ಕೃಷ್ಣ, ದೇವೇಗೌಡರ ಸಂಪುಟದಲ್ಲಿ ಜೆ.ಎಚ್. ಪಟೇಲ್, ಪಟೇಲರ ಸಂಪುಟದಲ್ಲಿ ಸಿದ್ದರಾಮಯ್ಯ ಉಪ ಮುಖ್ಯಮಂತ್ರಿಗಳಾಗಿದ್ದರು. ಮೂವರೂ ಮುಂದೆ ಮುಖ್ಯಮಂತ್ರಿಗಳಾದರು. ಹಾಗೆಂದು ದಾರಿ ಸುಗಮವಲ್ಲ. ಧರ್ಮಸಿಂಗ್ ಸಂಪುಟದಲ್ಲಿ ಮತ್ತೆ ಉಪ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಅವರನ್ನು 2005ರಲ್ಲಿ ಕೈಬಿಡಲಾಯಿತು.

ಮೈತ್ರಿ ಸರ್ಕಾರ ಬಂದಮೇಲೆ ಈ ಹುದ್ದೆ ಪಾಲುದಾರಿಕೆಯ ಗುರುತಾಯಿತು. 2006ರಲ್ಲಿ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಮಿತ್ರಪಕ್ಷದ ಬಿ.ಎಸ್. ಯಡಿಯೂರಪ್ಪ ಉಪ ಮುಖ್ಯಮಂತ್ರಿ. 20 ತಿಂಗಳ ನಂತರ ಅಧಿಕಾರ ಹಸ್ತಾಂತರ ಎಂಬುದು ಒಪ್ಪಂದ. ಗಡುವು ಬಂದಾಗ ಹಸ್ತಾಂತರ ಆಗಲಿಲ್ಲ, ಸರ್ಕಾರ ಬಿತ್ತು, ರಾಷ್ಟ್ರಪತಿ ಆಳ್ವಿಕೆ ಬಂತು. ಆ ಒಪ್ಪಂದವನ್ನು ಜಾರಿಗೊಳಿಸುವ ಕಾನೂನು ಯಾವುದೂ ಇರಲಿಲ್ಲ. 2007ರ ನವೆಂಬರ್‌ನಲ್ಲಿ ಯಡಿಯೂರಪ್ಪ ಮುಖ್ಯಮಂತ್ರಿಯಾದರೂ ಜೆಡಿಎಸ್ ಬೆಂಬಲ ಸಿಗದೆ ಒಂದು ವಾರದಲ್ಲಿ ಇಳಿಯಬೇಕಾಯಿತು.