ಸುಳಿವಿನ ನ್ಯಾಯ: ಗೂಢ ಪದಬಂಧ ಸ್ಪರ್ಧೆಗಳ ಚರಿತ್ರೆಯಿಂದ

ಬಿಲ್ಹಣನದೆಂದು ಪರಂಪರೆಯು ಹೇಳುವ ‘ಚೌರಪಂಚಾಶಿಕಾ’ವನ್ನು 1919ರಲ್ಲಿ ‘ಬ್ಲ್ಯಾಕ್ ಮ್ಯಾರಿಗೋಲ್ಡ್ಸ್’ ಎಂಬ ಹೆಸರಿನಿಂದ ಇಂಗ್ಲಿಷಿಗೆ ತಂದವರು ಎಡ್ವರ್ಡ್ ಪೊವಿಸ್ ಮ್ಯಾಥರ್ಸ್. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನಕವಿಯನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದ ಈ ಅನುವಾದಕರು ತಮ್ಮ ನಾಡಿನಲ್ಲಿ ಪ್ರಸಿದ್ಧರಾದದ್ದು ಮಾತ್ರ ಬೇರೊಂದು ವಿದ್ಯೆಯಿಂದ. 1926ರಿಂದ ತಮ್ಮ ಮರಣದ ವರ್ಷವಾದ 1939ರವರೆಗೆ ಲಂಡನ್ನಿನ ‘ದಿ ಅಬ್ಸರ್ವರ್’ ವಾರಪತ್ರಿಕೆಗೆ ಅವರು ‘ಟಾರ್ಕ್ವೆಮಾಡಾ’ ಎಂಬ ಗುಪ್ತನಾಮದಿಂದ ಗೂಢ ಪದಬಂಧಗಳನ್ನು ರಚಿಸಿದರು. ಆ ಹೆಸರು ಸ್ಪೇನಿನ ಮತವಿಚಾರಣೆಯ ಕುಖ್ಯಾತ ಅಧಿಕಾರಿಯದು. ಬಿಡಿಸುವವರಿಗೆ ಚಿತ್ರಹಿಂಸೆಯೇ ಗತಿ ಎಂಬ ವಿನೋದ ಅದರಲ್ಲಿದೆ.

1913ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಹುಟ್ಟಿದ ಪದಬಂಧದಲ್ಲಿ ಸುಳಿವೆಂದರೆ ನೇರವಾದ ಅರ್ಥವಿವರಣೆ. ಮ್ಯಾಥರ್ಸ್ ಅದನ್ನು ಒಗಟನ್ನಾಗಿಸಿದರು. ಅವರ ಪಾಂಡಿತ್ಯ ಅಪಾರ, ಕಲ್ಪನೆ ಸ್ವಚ್ಛಂದ. ಆದರೆ ಉತ್ತರ ಹೊಳೆದ ಮೇಲೂ ಅದೇ ಸರಿಯೆಂದು ನಿಶ್ಚಯಿಸಲು ಆಧಾರ ಕೆಲವೊಮ್ಮೆ ಸಿಗುತ್ತಿರಲಿಲ್ಲ. ರಚಕನು ಓದುಗನನ್ನು ಎಷ್ಟರಮಟ್ಟಿಗೆ ವಂಚಿಸಬಹುದು ಎಂಬ ಪ್ರಶ್ನೆ ಅಲ್ಲಿಂದಲೇ ಹೊರಟಿತು.

ಅದಕ್ಕೆ ಉತ್ತರವನ್ನು ರೂಪಿಸಿದವರು ಅದೇ ಪತ್ರಿಕೆಯಲ್ಲಿ ಅವರ ಸ್ಥಾನಕ್ಕೆ ಬಂದ ಡಿ. ಎಸ್. ಮ್ಯಾಕ್‌ನಟ್. ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಕಲಿಸುತ್ತಿದ್ದ ಇವರು ಇನ್ನೊಬ್ಬ ಮತವಿಚಾರಕನ ಹೆಸರನ್ನು ಆಯ್ದು ‘ಕ್ಸಿಮಿನೀಸ್’ ಆದರು. 1966ರಲ್ಲಿ ಪ್ರಕಟವಾದ ಅವರ ಗ್ರಂಥವು ಈ ಕಲೆಯ ಲಕ್ಷಣಗ್ರಂಥವೆಂದು ಮನ್ನಣೆ ಪಡೆದಿದೆ. ಆದರೆ ಲಕ್ಷಣಗಳು ಸಿದ್ಧವಾದದ್ದು ಗ್ರಂಥದಲ್ಲಲ್ಲ, ಸ್ಪರ್ಧೆಯಲ್ಲಿ. ಪದಬಂಧದ ಒಂದು ಪದಕ್ಕೆ ಬರಿಯ ಅರ್ಥವನ್ನು ಮಾತ್ರ ಕೊಡಲಾಗುತ್ತಿತ್ತು. ಓದುಗರು ಚೌಕಗಳನ್ನು ತುಂಬಿ, ಆ ಪದಕ್ಕೆ ತಾವೇ ಗೂಢವಾದ ಸುಳಿವನ್ನು ರಚಿಸಿ ಕಳುಹಿಸಬೇಕು. ಬಹುಮಾನ ಆ ಸುಳಿವಿಗೆ. ಹೀಗೆ ಬಿಡಿಸುವವರೇ ರಚಕರಾದರು, ಒಂದೇ ಪದಕ್ಕೆ ರಾಶಿರಾಶಿ ಸುಳಿವುಗಳು ಒಬ್ಬನೇ ತೀರ್ಪುಗಾರನ ಮುಂದೆ ಬಿದ್ದವು.

ಆಯ್ದ ಸುಳಿವುಗಳನ್ನೂ ತಮ್ಮ ಟಿಪ್ಪಣಿಗಳನ್ನೂ ಮ್ಯಾಕ್‌ನಟ್ ‘ಸ್ಲಿಪ್’ ಎಂಬ ಮುದ್ರಿತ ಪತ್ರಗಳಲ್ಲಿ ಚಂದಾದಾರರಿಗೆ ಕಳುಹಿಸುತ್ತಿದ್ದರು. ಬಹುಮಾನಿತರ ಪಟ್ಟಿಗಿಂತ ಈ ಟಿಪ್ಪಣಿಗಳಿಗೇ ಬೆಲೆ ಹೆಚ್ಚು. ಅವರ ದೃಷ್ಟಿಯಲ್ಲಿ ಸುಳಿವೆಂದರೆ ಖಚಿತವಾದ ಅರ್ಥವಿವರಣೆ, ಅದರೊಡನೆ ಪದದ ಅಕ್ಷರಗಳತ್ತ ಕೊಂಡೊಯ್ಯುವ ನ್ಯಾಯವಾದ ಸೂಚನೆ. ಇವೆರಡರ ಹೊರತು ಮತ್ತೇನೂ ಇರಕೂಡದು.

ಕನ್ನಡದಲ್ಲೇ ಒಂದು ಮಾದರಿಯನ್ನು ಕಲ್ಪಿಸಿಕೊಳ್ಳಬಹುದು. ‘ದಿನ ತಿರುಗಿದಾಗ ಕಡಲ ದಾರಿ ಹಿಡಿದವಳು’ — ಎರಡಕ್ಷರದ ಪದ. ಮೇಲ್ನೋಟಕ್ಕೆ ಇದು ಕಾಲ ಕೆಟ್ಟು ದೂರ ಹೊರಟ ಹೆಣ್ಣೊಬ್ಬಳ ಕಥೆ. ಆದರೆ ‘ದಿನ’ ತಿರುಗಿದರೆ ‘ನದಿ’. ಕಡಲ ದಾರಿ ಹಿಡಿದವಳೂ ಅವಳೇ. ಇದನ್ನೇ ‘ದಿನವಿಡೀ ಕಡಲ ದಾರಿ ಹಿಡಿದವಳು’ ಎಂದರೆ ತಿರುಗಿಸೆಂಬ ಸೂಚನೆಯೇ ಇಲ್ಲವಾಗಿ ಸುಳಿವು ಅನ್ಯಾಯವಾಗುತ್ತದೆ. ‘ದಿನ ತಿರುಗಿದಾಗ ಬಡಪಾಯಿ ಕಡಲ ದಾರಿ ಹಿಡಿದಳು’ ಎಂದರೆ ಕಥೆ ಇನ್ನಷ್ಟು ಕರುಣಾಜನಕವಾದೀತು. ಆದರೆ ‘ಬಡಪಾಯಿ’ ಉತ್ತರಕ್ಕೆ ಸಂಬಂಧವಿಲ್ಲದ ಪಾದಪೂರಣ, ‘ಹಿಡಿದಳು’ ಎಂಬ ಕ್ರಿಯಾಪದವು ‘ನದಿ’ ಎಂಬ ನಾಮಪದದ ವಿವರಣೆಯಾಗಲಾರದು. ಕ್ಸಿಮಿನೀಸ್ ಪಂಥದ ತೀರ್ಪು ಇಂತಹ ಕೂದಲೆಳೆಯ ಅಂತರಗಳ ಮೇಲೆಯೇ ನಿಂತಿದೆ.

ಕಾವ್ಯಮೀಮಾಂಸೆಯ ವಿದ್ಯಾರ್ಥಿಗಳಿಗೆ ಇಲ್ಲಿ ದಂಡಿಯ ನೆನಪಾಗುವುದು ಸಹಜ. ಐತಿಹಾಸಿಕ ಸಂಬಂಧವೇನೂ ಇಲ್ಲ. ಹೋಲಿಕೆ ಮಾತ್ರ ಕುತೂಹಲಕರ. ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಅವನು ಪೂರ್ವಾಚಾರ್ಯರು ಹೇಳಿದ 16 ಪ್ರಹೇಳಿಕೆಗಳನ್ನು ನಿರೂಪಿಸುತ್ತಾನೆ. ಅವರು 14 ದುಷ್ಟ ಪ್ರಹೇಳಿಕೆಗಳನ್ನೂ ಹೇಳಿದ್ದಾರೆಂದು ತಿಳಿಸಿ, ದೋಷಗಳಿಗೆ ಲೆಕ್ಕವಿಲ್ಲವೆಂಬ ಕಾರಣಕ್ಕೆ ಅವುಗಳ ವಿವರಣೆಯನ್ನು ಕೈಬಿಡುತ್ತಾನೆ. ದಂಡಿ ಬಿಟ್ಟ ಆ ಕೆಲಸವನ್ನೇ ಮ್ಯಾಕ್‌ನಟ್ ತಮ್ಮ ಸ್ಲಿಪ್ಪುಗಳಲ್ಲಿ ದಶಕಗಳ ಕಾಲ ಮಾಡಿದರು. ಸೋತವನಿಗೆ ಸೋಲಿನ ಕಾರಣ ತಿಳಿಯುತ್ತಿತ್ತು. ಶಾಸ್ತ್ರವು ಬೆಳೆದದ್ದು ಹೆಚ್ಚಾಗಿ ಆ ಸೋಲುಗಳಿಂದಲೇ.

ಈ ಕಟ್ಟುನಿಟ್ಟನ್ನು ಎಲ್ಲರೂ ಒಪ್ಪಲಿಲ್ಲ. ‘ದಿ ಗಾರ್ಡಿಯನ್’ ಪತ್ರಿಕೆಯಲ್ಲಿ ‘ಅರೌಕೇರಿಯಾ’ ಎಂಬ ಹೆಸರಿನಿಂದ ಬರೆದ ಪಾದ್ರಿ ಜಾನ್ ಗ್ರಹಾಂ ನಿಯಮಗಳನ್ನು ಸಡಿಲವಾಗಿಯೇ ಹಿಡಿದರು, ಓದುಗರ ಪ್ರೀತಿಯನ್ನೂ ಗಳಿಸಿದರು. ನಿಯಮವೇ ಚೆಲುವಲ್ಲ ಎಂಬ ಅವರ ಪಕ್ಷದಲ್ಲೂ ಹುರುಳಿದೆ. ಆದರೆ ಸ್ಪರ್ಧೆಗೆ ಅಳತೆಗೋಲು ಬೇಕು. ಅದನ್ನು ಕೊಟ್ಟದ್ದು ಮ್ಯಾಕ್‌ನಟ್ ಮಾರ್ಗ.

1971ರಲ್ಲಿ ಅವರು ತೀರಿಕೊಂಡರು. ಮರುವರ್ಷ ಜೋನಾಥನ್ ಕ್ರೌದರ್ ಆ ಪೀಠವನ್ನೇರಿ ಸ್ಪರ್ಧೆಯನ್ನೂ ಸ್ಲಿಪ್ಪನ್ನೂ ಮುಂದುವರಿಸಿದರು. ಅವರ ಗುಪ್ತನಾಮ ‘ಏಜೆಡ್’. ಅದು ಇಂಗ್ಲಿಷ್ ವರ್ಣಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳೂ ಹೌದು, ಡೆಜಾ ಎಂಬ ಮತ್ತೊಬ್ಬ ಮತವಿಚಾರಕನ ಹೆಸರನ್ನು ತಿರುಗಿಸಿದ್ದೂ ಹೌದು. ಈ ಸ್ಪರ್ಧೆಗಳ ಪಟ್ಟಿಯಲ್ಲಿ ಲಾಯ್ಡ್ಸ್ ಬ್ಯಾಂಕಿನ ಅಧ್ಯಕ್ಷರಾಗಿದ್ದ ಸರ್ ಜೆರೆಮಿ ಮೋರ್ಸ್ ಅವರ ಹೆಸರೂ, ‘ಮಿಸೆಸ್ ಬಿ. ಲೂಯಿಸ್’ ಎಂಬ ಗುಪ್ತನಾಮವೂ ಬಹುಮಾನಿತರ ಸಾಲಿನಲ್ಲಿ ಕಾಣಿಸುತ್ತಿದ್ದವು. ಅವರ ಪ್ರತಿಸ್ಪರ್ಧಿಯಾಗಿದ್ದ ಕಾಲಿನ್ ಡೆಕ್ಸ್ಟರ್ 1975ರಲ್ಲಿ ತಮ್ಮ ಮೊದಲ ಪತ್ತೇದಾರಿ ಕಾದಂಬರಿಯನ್ನು ಪ್ರಕಟಿಸಿದಾಗ, ಪದಬಂಧಪ್ರಿಯನಾದ ಇನ್‌ಸ್ಪೆಕ್ಟರನಿಗೆ ಮೋರ್ಸ್ ಎಂದೂ ಅವನ ಸಹಾಯಕನಿಗೆ ಲೂಯಿಸ್ ಎಂದೂ ಹೆಸರಿಟ್ಟಿದ್ದರು.