ಯಾರ ಜಯರಾಜ? ಬೆಳಗೋಡು ಸೀಮೆಯ ನೋಡುಗರು ಮತ್ತು ಭೂಗತಲೋಕದ ಚಿತ್ರಗಳ ಪಾತ್ರಚರ್ಚೆ

ಬೆಂಗಳೂರಿನ ರೌಡಿ ಕೊತ್ವಾಲ್ ರಾಮಚಂದ್ರ ಕೊಲೆಯಾದದ್ದು 1986ರ ಮಾರ್ಚಿನಲ್ಲಿ. ಅದೇ ಭೂಗತಲೋಕದ ಎಂ.ಪಿ. ಜಯರಾಜ್ 1989ರ ನವೆಂಬರಿನಲ್ಲಿ ಲಾಲ್‌ಬಾಗ್ ಬಳಿ ಗುಂಡೇಟಿಗೆ ಬಲಿಯಾದ. ಸಕಲೇಶಪುರ ತಾಲ್ಲೂಕಿನ ಬೆಳಗೋಡು ಹೋಬಳಿಯಲ್ಲಿ ಈ ಇಬ್ಬರ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರಲ್ಲಿ ಬಹುಪಾಲು ಮಂದಿ ಅವರನ್ನು ಕಣ್ಣಾರೆ ಕಂಡವರಲ್ಲ. ಅರ್ಧದಷ್ಟು ಜನ ಆಗಿನ್ನೂ ಹುಟ್ಟೇ ಇರಲಿಲ್ಲ. ಆದರೂ ‘ಜಯರಾಜ ಹಂಗಿರ್ಲಿಲ್ಲ ಬಿಡಿ’ ಎಂದು ಖಡಾಖಂಡಿತವಾಗಿ ಹೇಳುತ್ತಾರೆ. ಅಷ್ಟೊಂದು ಖಾತರಿ ಅವರಿಗೆ ಎಲ್ಲಿಂದ ಬಂತು ಎಂಬುದು ಈ ಲೇಖನದ ಪ್ರಶ್ನೆ.

ಕನ್ನಡದ ಭೂಗತಲೋಕದ ಚಿತ್ರಗಳನ್ನು ಕುರಿತ ಚರ್ಚೆ ಇದುವರೆಗೆ ಹಿಂಸೆ, ಪುರುಷತ್ವ, ನಗರ ಎಂಬ ಮೂರು ಗೂಟಗಳ ಸುತ್ತಲೇ ತಿರುಗಿದೆ. ನಗರದಿಂದ ದೂರ ಕೂತು ಇವನ್ನು ನೋಡುವವರ ಮಾತು ದಾಖಲಾದದ್ದು ಕಡಿಮೆ. ಆ ಮಾತಿನಲ್ಲಿ ಹಿಂಸೆಯ ಪ್ರಸ್ತಾಪವೇ ಅಪರೂಪ. ಅಲ್ಲಿ ಕೇಳಿಬರುವುದು ಯಾರ ನಡಿಗೆ ಸರಿ, ಯಾರ ದನಿ ಸಾಲದು, ಯಾರಿಗೆ ಯಾವ ಪಾತ್ರ ಕೊಡಬಾರದಿತ್ತು ಎಂಬುದು. ಇದನ್ನು ಅಭಿಮಾನಿಗಳ ಹರಟೆ ಎಂದು ಪಕ್ಕಕ್ಕೆ ಸರಿಸುವುದು ಸುಲಭ. ನನ್ನ ವಾದ ಬೇರೆ. ಕಥೆ ಮೊದಲೇ ಗೊತ್ತಿರುವ ಕಡೆ ನೋಡುಗನಿಗೆ ಉಳಿಯುವ ನಿಜವಾದ ಕುತೂಹಲ ಪಾತ್ರಧಾರಿಯದ್ದು. ಎಂಬತ್ತರ ದಶಕದ ಬೆಂಗಳೂರಿನ ರೌಡಿಗಳು ಈ ಗುಡ್ಡಗಳ ನೋಡುಗರ ಪಾಲಿಗೆ ಆಗಲೇ ಪೌರಾಣಿಕ ವ್ಯಕ್ತಿಗಳಾಗಿದ್ದಾರೆ. ಹಾಗಾಗಿ ಮೊದಲು ಆ ವೇಷ ಕಟ್ಟಿದವನೇ ಮೂಲ, ಆಮೇಲೆ ಬಂದವರೆಲ್ಲ ಅವನಿಗೆ ಲೆಕ್ಕ ಒಪ್ಪಿಸಬೇಕು.

ಇಲ್ಲಿ ಸಿನಿಮಾ ತಲುಪುವ ಬಗೆಯನ್ನು ಮೊದಲು ಹೇಳಬೇಕು. ‘ಕೆ.ಜಿ.ಎಫ್’ನ ಮೊದಲ ಭಾಗ ತೆರೆಕಂಡದ್ದು 2018ರ ಡಿಸೆಂಬರ್ 21ರಂದು. ಅರೇಬಿಕಾ ಹಣ್ಣು ಕೊಯ್ಲಿನ ನಟ್ಟನಡುವಿನ ದಿನಗಳವು; ತೋಟ ಬಿಟ್ಟು ಪೇಟೆಗೆ ಹೋಗುವ ಪುರಸೊತ್ತು ಮಾಲೀಕರಿಗೂ ಇಲ್ಲ, ಆಳುಗಳಿಗೂ ಇಲ್ಲ. ಎರಡನೆಯ ಭಾಗ ಬಂದದ್ದು 2022ರ ಏಪ್ರಿಲ್ 14ಕ್ಕೆ. ಆಗ ಬಿಡುವಿತ್ತು, ಆದರೆ ರಾತ್ರಿ ಆಟ ಮುಗಿಸಿ ಮನೆ ಸೇರುವುದು ಹೇಗೆ? ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಕತ್ತಲಾದ ಮೇಲೆ ತೋಟದ ರಸ್ತೆಗಳು ಆನೆಯವು. ಆನೆ ಎಲ್ಲಿದೆ ಎಂಬ ಸಂದೇಶ ಮೊಬೈಲಿಗೆ ಬಂದ ಮೇಲೂ ಬೈಕ್ ತೆಗೆಯುವ ಧೈರ್ಯ ಕಾಲೇಜು ಹುಡುಗರಿಗೆ ಮಾತ್ರ. ಹೀಗಾಗಿ ಈ ಸೀಮೆಯಲ್ಲಿ ಚಿತ್ರದ ನಿಜವಾದ ಬಿಡುಗಡೆ ಅದು ಟಿ.ವಿ.ಯಲ್ಲಿ ಬಂದ ದಿನವೇ. ಮನೆಮಂದಿ, ಪಕ್ಕದ ಮನೆಯವರು, ಕೆಲವು ಕಡೆ ಲೈನ್ ಮನೆಯ ಮಕ್ಕಳು ಎಲ್ಲರೂ ಒಟ್ಟಿಗೆ ಕೂರುತ್ತಾರೆ, ಜಾಹೀರಾತು ಬಂದಾಗಲೆಲ್ಲ ವಾದ ಶುರುವಾಗುತ್ತದೆ. ಚಿತ್ರಮಂದಿರದ ಕತ್ತಲೆಯಲ್ಲಿ ಬಾಯಿ ಮುಚ್ಚಿ ಕೂರಬೇಕಾದ ನೋಡುಗ ಇಲ್ಲಿ ಹತ್ತು ನಿಮಿಷಕ್ಕೊಮ್ಮೆ ವಿಮರ್ಶಕನಾಗುತ್ತಾನೆ. ಧಾರಾವಾಹಿ ನೋಡಿ ಪಳಗಿದ ಈ ಅಭ್ಯಾಸವನ್ನು ಜನ ಸಿನಿಮಾಕ್ಕೂ ತಂದಿದ್ದಾರೆ.

ಇದಕ್ಕಿಂತ ಹಳೆಯ ಅಭ್ಯಾಸವೂ ಒಂದಿದೆ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಟ್ಟುವ ಕ್ರಮ ಬಲ್ಲವರಿಗೆ ಅಲ್ಲಿ ಪಾತ್ರಗಳಿಗೆ ಬೆಲೆಯಿರುವುದು ಗೊತ್ತು. ‘ಕುರುಕ್ಷೇತ್ರ’ ಆಡುವುದಾದರೆ ದುರ್ಯೋಧನನ ಪಾತ್ರ ಬೇಕಾದವನು ಹೆಚ್ಚು ದುಡ್ಡು ಕಟ್ಟಬೇಕು. ಕೃಷ್ಣನಿಗೂ ಅಷ್ಟೇ ಪೈಪೋಟಿ. ವಿದುರ, ಧರ್ಮರಾಯರಿಗೆ ಅಷ್ಟು ಗಿರಾಕಿಯಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಮಟ್ಟು ಕಲಿಸುತ್ತಾರೆ, ಹೆಣ್ಣುಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ. ನಾಟಕದ ಮಾರನೆಯ ದಿನ ಊರು ಮಾತಾಡುವುದು ಕಥೆಯನ್ನಲ್ಲ. ‘ದುರ್ಯೋಧನನಿಗೆ ಗದೆ ಎತ್ತೋಕೆ ಬರ್ಲಿಲ್ಲ’, ‘ಶಕುನಿ ಪಾತ್ರ ಅವನಿಗೆ ಕೊಟ್ಟಿದ್ರೆ ನಾಟಕ ಎಲ್ಲಿಗೋ ಹೋಗ್ತಿತ್ತು’ ಎನ್ನುವುದೇ ಮಾತು. ಇಲ್ಲಿ ಗಮನಿಸಬೇಕಾದ್ದು ಎರಡು ಸಂಗತಿ. ಕೇಡಿಗನ ಪಾತ್ರಕ್ಕೇ ಹೆಚ್ಚು ಬೆಲೆ. ಆ ಕೇಡಿಗ ಹೇಗಿರಬೇಕೆಂಬ ಚಿತ್ರ ನೋಡುಗನ ತಲೆಯಲ್ಲಿ ನಾಟಕಕ್ಕೆ ಮೊದಲೇ ಸಿದ್ಧ. ಘಟ್ಟದ ಕೆಳಗಿನಿಂದ ಬಂದು ತೋಟಗಳಲ್ಲಿ ನೆಲೆಸಿದ ಕುಟುಂಬಗಳು ಯಕ್ಷಗಾನದ ರುಚಿಯನ್ನೂ ಜೊತೆಗೆ ತಂದಿವೆ. ಒಂದೇ ಕೌರವನನ್ನು ಇಬ್ಬರು ಕಲಾವಿದರಲ್ಲಿ ನೋಡಿ ತೂಗುವುದು ಅವರಿಗೆ ಮನೆಯ ಮಾತು. ಗ್ಯಾಂಗ್‌ಸ್ಟರ್ ಚಿತ್ರ ಈ ಸೀಮೆಗೆ ಬಂದಾಗ ಅದನ್ನು ಕೂರಿಸಲು ಮಣೆ ಸಿದ್ಧವಾಗಿತ್ತು.

ಜಯರಾಜ್ ಮತ್ತು ಕೊತ್ವಾಲ್ ಪರದೆಯ ಮೇಲೆ ಎರಡು ಸಲ ಎದ್ದು ಬಂದರು. ಎರಡು ಸಲವೂ ಹಿಂದಿದ್ದ ಲೇಖನಿ ಒಬ್ಬರದೇ ಆದ್ದರಿಂದ ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅಗ್ನಿ ಶ್ರೀಧರ್ ‘ದಾದಾಗಿರಿಯ ದಿನಗಳು’ ಕೃತಿಯಲ್ಲಿ ಕೊತ್ವಾಲ್ ಕೊಲೆಯಲ್ಲಿ ತಮ್ಮ ಪಾಲೆಷ್ಟು ಎಂಬುದನ್ನು ತಾವೇ ಬರೆದುಕೊಂಡವರು. ಅದನ್ನು ಆಧರಿಸಿ ಕೆ.ಎಂ. ಚೈತನ್ಯ ನಿರ್ದೇಶಿಸಿದ ‘ಆ ದಿನಗಳು’ 2007ರಲ್ಲಿ ಬಂತು. ಅದರಲ್ಲಿ ಜಯರಾಜನಾಗಿ ಆಶಿಶ್ ವಿದ್ಯಾರ್ಥಿ, ಕೊತ್ವಾಲನಾಗಿ ಶರತ್ ಲೋಹಿತಾಶ್ವ, ಶ್ರೀಧರ್ ಪಾತ್ರದಲ್ಲಿ ಅತುಲ್ ಕುಲಕರ್ಣಿ. ಹದಿನೈದು ವರ್ಷದ ಮೇಲೆ, 2022ರ ಅಕ್ಟೋಬರಿನಲ್ಲಿ, ಶ್ರೀಧರ್ ಅವರದೇ ಬರವಣಿಗೆಯಲ್ಲಿ, ಶೂನ್ಯ ಅವರ ನಿರ್ದೇಶನದಲ್ಲಿ ‘ಹೆಡ್ ಬುಷ್’ ಬಂತು. ಈ ಸಲ ಜಯರಾಜ್ ಧನಂಜಯ, ಕೊತ್ವಾಲ್ ವಸಿಷ್ಠ ಸಿಂಹ, ಗಂಗನಾಗಿ ಯೋಗಿ, ಮುಖ್ಯಮಂತ್ರಿ ದೇವರಾಜ ಅರಸರಾಗಿ ನಟ ದೇವರಾಜ್. ಕಾಲವೂ ಹಿಂದಕ್ಕೆ ಸರಿಯಿತು. ಮೊದಲ ಚಿತ್ರದ್ದು ಎಂಬತ್ತರ ದಶಕದ ಮಧ್ಯಭಾಗ. ಎರಡನೆಯದ್ದು ಎಪ್ಪತ್ತರ ದಶಕ, ಇಂದಿರಾ ಬ್ರಿಗೇಡಿನ ಹೆಸರಲ್ಲಿ ರಾಜಕಾರಣ ರೌಡಿಯ ಹೆಗಲ ಮೇಲೆ ಕೈಯಿಟ್ಟ ಕಾಲ.

ಕಾಲ ಹಿಂದಕ್ಕೆ ಸರಿದದ್ದನ್ನು ಬೆಳಗೋಡಿನ ನೋಡುಗರು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ‘ಹೆಡ್ ಬುಷ್’ನ ಜಯರಾಜ್ ಹೆಚ್ಚು ಹುರುಪಿನವನಾಗಿ ಕಂಡರೆ ಅದು ವಯಸ್ಸಿನ ವ್ಯತ್ಯಾಸವೆಂದು ಒಪ್ಪಲು ಅವರು ತಯಾರಿರಲಿಲ್ಲ. ಬಸ್ ಕಾಯುತ್ತ ಹೋಟೆಲಿನಲ್ಲಿ ಕೂತಿದ್ದ ಇಬ್ಬರ ನಡುವೆ ನಡೆದ ಮಾತು ಹೀಗಿತ್ತು:

‘ಜಯರಾಜ ಅಂದ್ರೆ ಸುಮ್ನೆ ಕೂತಿದ್ರೂ ಭಯ ಆಗ್ಬೇಕು ಕಣಣ್ಣ. ಇವನು ಸುಮ್ನೆ ಕೂರೋದೇ ಇಲ್ವಲ್ಲ.’

‘ನೀನೇನ್ ಹೋಗಿ ನೋಡಿದ್ಯಾ ಅವನನ್ನ?’

‘ಯಾಕೆ ನೋಡಿಲ್ಲ? ಆ ದಿನಗಳಲ್ಲಿ ನೋಡಿಲ್ವಾ?’

ಯಾರೂ ನಗಲಿಲ್ಲ. ಕೇಳಿದವನಿಗೂ ಆ ಉತ್ತರ ಸಮಂಜಸವಾಗಿಯೇ ಕಂಡಿತು. ದೆಹಲಿಯಲ್ಲಿ ಬೆಳೆದ, ಹಿಂದಿಯ ‘ದ್ರೋಹಕಾಲ್’ಗೆ ರಾಷ್ಟ್ರಪ್ರಶಸ್ತಿ ಪಡೆದ ನಟನೊಬ್ಬ ಬೆಂಗಳೂರಿನ ತಿಗಳರಪೇಟೆಯ ಜಯರಾಜನ ಅಸಲಿ ರೂಪವಾಗಿ ಮಲೆನಾಡಿನ ಹೋಟೆಲೊಂದರಲ್ಲಿ ಸಾಕ್ಷ್ಯ ನುಡಿಯುತ್ತಿದ್ದ. 2007ರಲ್ಲಿ ಈ ಪಾತ್ರಕ್ಕೆ ಪರಭಾಷೆಯ ನಟ ಏಕೆ ಎಂದು ಕೇಳಲು ಅವಕಾಶವಿತ್ತು. 2022ರ ಹೊತ್ತಿಗೆ ಆ ಪ್ರಶ್ನೆ ಉಳಿದಿರಲಿಲ್ಲ, ಹೊರಗಿನವನೇ ಅಳತೆಗೋಲಾಗಿದ್ದ. ಶರತ್ ಲೋಹಿತಾಶ್ವ ಅವರ ವಿಷಯದಲ್ಲಿ ಇದು ಇನ್ನೂ ಗಟ್ಟಿ. ಅವರ ಕೊತ್ವಾಲನಲ್ಲಿ ಎದ್ದು ನಿಂತದ್ದು ದನಿ. ತಂದೆ ಲೋಹಿತಾಶ್ವ ರಂಗಭೂಮಿಯಿಂದ ತಂದ ಕಂಠದ ಭಾರ ಮಗನಲ್ಲೂ ಇದೆ. ಪೌರಾಣಿಕ ನಾಟಕದ ಕಿವಿಯುಳ್ಳ ನೋಡುಗನಿಗೆ ಅದು ಥಟ್ಟನೆ ಹಿಡಿಸುತ್ತದೆ. ವಸಿಷ್ಠ ಸಿಂಹ ಅವರ ಕಂಠವೂ ಸಣ್ಣದಲ್ಲ, ಆದ್ದರಿಂದಲೇ ಕೊತ್ವಾಲನ ಬಗ್ಗೆ ಜಯರಾಜನಷ್ಟು ಜಗಳ ಆಗಲಿಲ್ಲ. ಈ ಸೀಮೆಯ ತೀರ್ಪು ಮುಖಕ್ಕಿಂತ ಮೊದಲು ಕಂಠದ ಮೇಲೆ ನಿಲ್ಲುತ್ತದೆ ಎಂಬುದು ನನ್ನ ಗ್ರಹಿಕೆ.

ಧನಂಜಯ ಅವರ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ಅವರು ಅರಸೀಕೆರೆ ತಾಲ್ಲೂಕಿನ ಕಾಳೇನಹಳ್ಳಿಯವರು. ‘ಕೆ.ಜಿ.ಎಫ್’ನ ಯಶ್ ಹುಟ್ಟಿದ್ದು ಇದೇ ಜಿಲ್ಲೆಯ ಭುವನಹಳ್ಳಿಯಲ್ಲಿ. ಕನ್ನಡದ ಇತ್ತೀಚಿನ ಎರಡು ದೊಡ್ಡ ಗತಕಾಲದ ಗ್ಯಾಂಗ್‌ಸ್ಟರ್ ಪಾತ್ರಗಳು ಹಾಸನದವರ ಪಾಲಾದದ್ದು ಜಿಲ್ಲೆಗೆ ಹೆಮ್ಮೆ. ಆದರೆ ಹೆಮ್ಮೆ ಬೇರೆ, ಪಾತ್ರ ಒಪ್ಪುವುದು ಬೇರೆ. ‘ನಮ್ಮ ಹುಡುಗ’ ಎಂದವರೇ ಮರುಗಳಿಗೆಯಲ್ಲಿ ‘ಜಯರಾಜ ಎಲ್ಲಿ? ಅದು ಡಾಲಿನೇ’ ಎನ್ನುತ್ತಾರೆ. ದುನಿಯಾ ಸೂರಿ ಅವರ ‘ಟಗರು’ (2018) ಚಿತ್ರದ ಡಾಲಿ ಧನಂಜಯ ಅವರ ಹೆಸರಿಗೇ ಅಂಟಿಕೊಂಡಿದೆ. ಅವರ ನಿರ್ಮಾಣ ಸಂಸ್ಥೆಯ ಹೆಸರಿನಲ್ಲೂ ಅದು ಉಂಟು. ಹಿಂದಿನ ಪಾತ್ರ ಹೊಸ ಪಾತ್ರದೊಳಗೆ ಇಣುಕುವುದನ್ನು ವಿದ್ವಾಂಸರು ತಾರಾವ್ಯಕ್ತಿತ್ವದ ಶೇಷ ಎನ್ನಬಹುದು. ಇಲ್ಲಿಯ ಹೆಂಗಸರು ಅದನ್ನು ಸೀದಾ ಹೇಳುತ್ತಾರೆ. ಯಶ್ ಅವರನ್ನು ಈಗಲೂ ‘ನಂದಗೋಕುಲದ ಹುಡುಗ’ ಎಂದು ಕರೆಯುವ ನಡುವಯಸ್ಸಿನವರು ಈ ಸೀಮೆಯಲ್ಲಿದ್ದಾರೆ. ಈ-ಟಿ.ವಿ. ಕನ್ನಡದ ಆ ಧಾರಾವಾಹಿಯಲ್ಲಿ ಅವರನ್ನೂ ರಾಧಿಕಾ ಪಂಡಿತ್ ಅವರನ್ನೂ ದಿನಾ ಸಂಜೆ ಮನೆಯೊಳಗೆ ಕಂಡವರು ಇವರು. ‘ಕೆ.ಜಿ.ಎಫ್’ನಲ್ಲಿ ಯಶ್ ಮಾಡಿದ ನಾಯಕ ರಾಕಿಯ ತಾಯಿಯಾಗಿ ಕಂಡ ಅರ್ಚನಾ ಜೋಯಿಸ್ ಕೂಡ ಇವರಿಗೆ ‘ಮಹಾದೇವಿ’ ಧಾರಾವಾಹಿಯವರೇ. ‘ಅಷ್ಟ್ ಚಿಕ್ಕ ಹುಡುಗಿಗೆ ತಾಯಿ ಪಾತ್ರ ಕೊಡೋದಾ?’ ಎಂಬ ಆಕ್ಷೇಪ ಒಂದು ಕಡೆಯಿಂದ ಬಂತು. ‘ಅವಳು ಸಾಯೋವಾಗ ಹುಡುಗ ಇನ್ನೂ ಹತ್ತು ವರ್ಷದವನು, ತಾಯಿ ಮುದುಕಿ ಆಗಿರ್ಬೇಕಿತ್ತಾ?’ ಎಂದು ಇನ್ನೊಬ್ಬಾಕೆ ಕೊಟ್ಟ ಉತ್ತರ ಪತ್ರಿಕೆಗಳಲ್ಲಿ ಬಂದ ಎಷ್ಟೋ ವಿಮರ್ಶೆಗಳಿಗಿಂತ ಚೊಕ್ಕವಾಗಿತ್ತು.

‘ಕೆ.ಜಿ.ಎಫ್’ ಕಲ್ಪಿತ ಕಥೆ. ರಾಕಿಯನ್ನು ಕಂಡವರು ಎಲ್ಲೂ ಇಲ್ಲ, ನರಾಚಿಯೆಂಬ ಗಣಿಯೂ ಇಲ್ಲ. ಕೋಲಾರದ ನಿಜವಾದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಅದರ ಕಾರ್ಮಿಕರ ಬದುಕಿಗೂ ಈ ಕಥೆಗೂ ಹೆಚ್ಚು ನಂಟಿಲ್ಲ. ಹೋಲಿಸಲು ಮೂಲವೇ ಇಲ್ಲದ ಮೇಲೆ ಚರ್ಚೆ ಇರಬಾರದಿತ್ತು. ಇದ್ದೇ ಇತ್ತು, ಅದೂ ಬಿರುಸಾಗಿ. ಮೊದಲ ಭಾಗದಲ್ಲಿ ಕಥೆ ಹೇಳಿದವರು ಆನಂದ ಇಂಗಳಗಿಯಾಗಿ ಅನಂತ್ ನಾಗ್. ಎರಡನೆಯದರಲ್ಲಿ ಆ ಕುರ್ಚಿಯಲ್ಲಿ ಕೂತದ್ದು ಪ್ರಕಾಶ್ ರಾಜ್. ಪಾತ್ರ ಬೇರೆ, ಇವನು ವಿಜಯೇಂದ್ರ ಇಂಗಳಗಿ ಎಂದು ಚಿತ್ರ ಹೇಳಿತು. ನೋಡುಗರು ಅದನ್ನು ಕೇಳಿಸಿಕೊಂಡರೇ ಹೊರತು ಒಪ್ಪಲಿಲ್ಲ. ಅವರ ತಕರಾರು ನಟನೆಯ ಬಗ್ಗೆ ಆಗಿರಲಿಲ್ಲ, ಪ್ರಕಾಶ್ ರಾಜ್ ದೊಡ್ಡ ನಟ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಕಥೆ ಹೇಳುವವನು ನಡುವೆ ಎದ್ದು ಹೋಗಬಾರದು ಎಂಬುದು ಅವರ ನಿಲುವು. ಭಾಗವತ ಬದಲಾದರೆ ಪ್ರಸಂಗದ ಬಣ್ಣವೇ ಬದಲಾಗುತ್ತದೆ ಎಂದು ನಂಬುವ ಸೀಮೆಯಲ್ಲಿ ಈ ನಿಲುವು ವಿಚಿತ್ರವೇನಲ್ಲ. ಒಂದೇ ಭಾಗ ಸಾಕಾಯಿತು, ಅನಂತ್ ನಾಗ್ ಅವರ ದನಿ ಮೂಲವಾಗಿ ಪಟ್ಟಕ್ಕೇರಿತ್ತು.

ಅಧೀರನ ಪಾತ್ರಕ್ಕೆ ಸಂಜಯ್ ದತ್ ಬಂದಾಗ ವಾದ ಇನ್ನೊಂದು ದಾರಿ ಹಿಡಿಯಿತು. ಕನ್ನಡದಲ್ಲಿ ಖಳನಟರಿಗೆ ಬರವೇ ಎಂಬ ಪ್ರಶ್ನೆ ರಾಜ್ಯದ ಉದ್ದಗಲಕ್ಕೂ ಕೇಳಿಸಿತು, ಇಲ್ಲೂ ಕೇಳಿಸಿತು. ರಮಿಕಾ ಸೇನ್ ಆಗಿ ರವೀನಾ ಟಂಡನ್ ಬಂದದ್ದಕ್ಕೂ ಅದೇ ಪ್ರಶ್ನೆ. ಆದರೆ ಈಗ ಕಾಫಿ ತೋಟಗಳಲ್ಲಿ ಕೆಲಸ ಮಾಡುವವರಲ್ಲಿ ಅಸ್ಸಾಮಿನಿಂದ ಬಂದವರು ಬಹಳ. ಅವರು ‘ಕೆ.ಜಿ.ಎಫ್’ ನೋಡಿದ್ದು ಹಿಂದಿಯಲ್ಲಿ, ಲೈನ್ ಮನೆಯ ಜಗಲಿಯ ಮೇಲೆ, ಮೊಬೈಲಿನಲ್ಲಿ. ಅವರಿಗೆ ಹಳೆಯ ಪರಿಚಯ ಸಂಜಯ್ ದತ್, ಹೊಸಬ ಯಶ್. ತೋಟದ ರೈಟರಿಗೂ ಈ ಹುಡುಗರಿಗೂ ಹಿಂದಿ, ಕನ್ನಡ ಬೆರೆಸಿ ನಡೆಯುತ್ತಿದ್ದ ವಾದದಲ್ಲಿ ಯಾರ ಮನೆಗೆ ಯಾರು ಅತಿಥಿ ಎಂಬುದೇ ತಲೆಕೆಳಗಾಗಿತ್ತು. ಪಾತ್ರಹಂಚಿಕೆಯ ಬಗ್ಗೆ ‘ಪ್ರೇಕ್ಷಕರ ಅಭಿಪ್ರಾಯ’ ಎಂದು ಒಂದೇ ಉಸಿರಿನಲ್ಲಿ ಬರೆಯುವ ನಮ್ಮ ರೂಢಿಗೆ ಇದೊಂದು ಎಚ್ಚರಿಕೆ.

ಪಾತ್ರಚರ್ಚೆ ಮಾತ್ರದಿಂದ ಮುಗಿಯದ ಜಾಗವೂ ಒಂದಿತ್ತು. ‘ಹೆಡ್ ಬುಷ್’ನಲ್ಲಿ ವೀರಗಾಸೆ ವೇಷದವರ ಮೇಲೆ ಹೊಡೆದಾಟ ನಡೆಯುವ ದೃಶ್ಯಕ್ಕೆ, ಕರಗದ ಬಗ್ಗೆ ಬರುವ ಮಾತಿಗೆ ಆಕ್ಷೇಪಗಳು ಬಂದವು, ಧನಂಜಯ ಕ್ಷಮೆ ಕೇಳಿದರು. ಕರಗ ಬೆಂಗಳೂರಿನದು, ಇಲ್ಲಿಯವರಿಗೆ ದೂರ. ವೀರಗಾಸೆ ಹಾಗಲ್ಲ, ಅದು ಇವರ ಜಾತ್ರೆಗಳ ಕುಣಿತ. ಜಯರಾಜನನ್ನು ಪುರಾಣವಾಗಿಸಿಕೊಂಡು ಆರಾಮಾಗಿ ಹರಟುತ್ತಿದ್ದವರು ಆ ದೃಶ್ಯ ಬಂದಾಗ ಹರಟೆ ನಿಲ್ಲಿಸಿದರು. ಪೌರಾಣಿಕ ಎಂದುಕೊಂಡದ್ದರೊಳಗೆ ತಮ್ಮದೇ ನಂಬಿಕೆ ಕಾಲಡಿಗೆ ಸಿಕ್ಕಾಗ ನೋಡುಗ ನಟನನ್ನು ಅಳೆಯುವುದಿಲ್ಲ, ನೇರ ಜಗಳಕ್ಕಿಳಿಯುತ್ತಾನೆ. ಜಯರಾಜನ ಮಗ ಚಿತ್ರ ತಯಾರಾಗುವಾಗಲೇ ಆಕ್ಷೇಪ ಎತ್ತಿದ್ದರಲ್ಲ, ಅವರದ್ದೂ ಇಂಥ ಜಾಗವೇ. ಬೆಳಗೋಡಿಗೆ ಪುರಾಣವಾದದ್ದು ಆ ಮನೆಗೆ ಅಪ್ಪ.

ಈ ವಾದಕ್ಕೆ ಕೊನೆಯ ಪರೀಕ್ಷೆ ಉಪೇಂದ್ರ ನಿರ್ದೇಶನದ ‘ಓಂ’. 1995ರಲ್ಲಿ ಬಂದ ಆ ಚಿತ್ರದಲ್ಲಿ ಪಾತ್ರಧಾರಿಯ ಪ್ರಶ್ನೆಯನ್ನೇ ಬುಡಮೇಲು ಮಾಡಲಾಗಿತ್ತು. ಬೆಕ್ಕಿನ ಕಣ್ಣು ರಾಜೇಂದ್ರ, ಜೇಡರಹಳ್ಳಿ ಕೃಷ್ಣಪ್ಪ, ತನ್ವೀರ್, ಕೊರಂಗು ಕೃಷ್ಣ ಮೊದಲಾದ ಅಸಲಿ ರೌಡಿಗಳೇ ಕ್ಯಾಮೆರಾ ಮುಂದೆ ನಿಂತರು. ಊರೂರ ಚಿತ್ರಮಂದಿರಗಳಲ್ಲಿ ಮತ್ತೆ ಮತ್ತೆ ಓಡುತ್ತಿದ್ದ ಈ ಚಿತ್ರದ ಪ್ರಸಾರದ ಹಕ್ಕು ಎರಡು ದಶಕ ಕಿರುತೆರೆಗೆ ಸಿಗಲಿಲ್ಲ. 2015ರಲ್ಲಿ ಉದಯ ಟಿ.ವಿ.ಯಲ್ಲಿ ಬಂತು. ಬೆಳಗೋಡು ಕಡೆಯ ಕಿರಿಯರಲ್ಲಿ ಅನೇಕರು ಮೊದಲು ನೋಡಿದ್ದು ಆಗಲೇ. ಶಿವರಾಜಕುಮಾರ್ ಅವರ ಸತ್ಯನ ಬಗ್ಗೆ ಅವರಿಗೆ ಎರಡು ಮಾತಿಲ್ಲ. ಸುತ್ತ ನಿಂತವರು ನಿಜವಾದ ರೌಡಿಗಳು ಎಂದು ಹಿರಿಯರು ಹೇಳಿದಾಗ ಒಬ್ಬ ಹುಡುಗ ಪರದೆಯನ್ನು ಮತ್ತೊಮ್ಮೆ ದಿಟ್ಟಿಸಿ ನೋಡಿ, ‘ರೌಡಿ ಥರ ಕಾಣೋದೇ ಇಲ್ವಲ್ಲ, ಇವರ ಬದ್ಲು ಆರ್ಟಿಸ್ಟ್‌ಗಳನ್ನ ಹಾಕ್ಬೇಕಿತ್ತು’ ಎಂದ. ಹಿರಿಯರಲ್ಲಿ ಇಬ್ಬರು ಅವನ ಪಕ್ಷ ವಹಿಸಿದರು.