ಇಳಕಲ್ ಸೀರೆಯ ಮೇಲಿನ ಕಸೂತಿ: ಮನೆಗೆಲಸದಿಂದ ಮಾರುಕಟ್ಟೆಗೆ

ಹಿಂದೆ ವಿಜಾಪುರ ಜಿಲ್ಲೆಯಲ್ಲಿದ್ದು 1997ರಲ್ಲಿ ಹೊಸ ಬಾಗಲಕೋಟೆ ಜಿಲ್ಲೆಗೆ ಸೇರಿದ ಹುನಗುಂದ, ಬಾದಾಮಿ ಸೀಮೆಯ ಮಗ್ಗದ ಊರುಗಳಲ್ಲಿ ಇಳಕಲ್ ಸೀರೆಗೂ ಗುಳೇದಗುಡ್ಡ ರವಿಕೆಯ ಖಣಕ್ಕೂ ದೊಡ್ಡ ಹೆಸರಿದೆ. ಇಳಕಲ್ಲಿನಲ್ಲಿ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ, ಅಂದರೆ ಉದ್ದನೆಯ ಎಳೆಗಳನ್ನು, ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವುದರಿಂದ ಪ್ರತಿ ಸೀರೆಗೂ ಹಾಸನ್ನು ಹೊಸದಾಗಿಯೇ ಅಣಿಗೊಳಿಸಬೇಕಾಗುತ್ತದೆ.

ನೇಯ್ಗೆ ಇಲ್ಲಿ ಮೊದಲಿನಿಂದಲೂ ಕಸುಬಾಗಿದ್ದರೆ, ಆ ಸೀರೆಯ ಮೇಲಿನ ಕಸೂತಿಯು ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಬಿಡುವಿನ ವೇಳೆಯಲ್ಲಿ ಮನೆಮಟ್ಟಿಗೆ ಮಾಡುತ್ತಿದ್ದ ಕೈಕೆಲಸವಾಗಿತ್ತು. ಮದುವೆಗೆಂದು ಕಪ್ಪು ಚಂದ್ರಕಾಳಿ ಸೀರೆಗೆ ಕಸೂತಿ ತುಂಬುವ ಪದ್ಧತಿಯಲ್ಲಿ ಅದಕ್ಕೆ ಗೌರವವಿತ್ತೇ ಹೊರತು ಬೆಲೆ ಕಟ್ಟಿರಲಿಲ್ಲ. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆಗಳನ್ನು ಎಣಿಸುತ್ತ, ಗಂಟು ಹಾಕದೆ ಹೊಲಿಯುವ ಈ ಕಲೆಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿದ್ದು, ಗವಂತಿ ಮತ್ತು ಮುರಗಿಗಳು ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತವೆ. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿಯ ಆನೆ ಇವು ಅದರ ಮೆಚ್ಚಿನ ಚಿತ್ರಗಳು.

ಪೇಟೆಯ ಗಿರಾಕಿಗಳು ಈ ಕೆಲಸವನ್ನು ಹಣ ಕೊಟ್ಟು ಕೇಳತೊಡಗಿದ ಮೇಲೆ ಬಿಡುವಿನ ಕೆಲಸ ದುಡಿಮೆಯಾಯಿತು; ಕಸೂತಿಗೂ ಇಳಕಲ್ ಸೀರೆಗೂ ಭೌಗೋಳಿಕ ಗುರುತು, ಅಂದರೆ ಒಂದು ಪ್ರದೇಶಕ್ಕೆ ಸೇರಿದ ಉತ್ಪನ್ನದ ಹೆಸರಿಗೆ ಕಾನೂನಿನ ರಕ್ಷಣೆ, ದೊರೆಯಿತು. ಆದರೆ ಹೆಸರಿಗೆ ಸಿಕ್ಕ ರಕ್ಷಣೆ ಕೂಲಿಯನ್ನು ತಾನಾಗಿ ಹೆಚ್ಚಿಸುವುದಿಲ್ಲ. ಎಳೆ ಎಣಿಸಿ ಹೊಲಿದವಳ ದಿನಗಳನ್ನು ಬೆಲೆಯಲ್ಲಿ ಲೆಕ್ಕ ಹಿಡಿದಾಗ ಮಾತ್ರ ಈ ಉಪಕಸುಬು ನಿಜವಾದ ಅರ್ಥದಲ್ಲಿ ಲಾಭದ ಉದ್ಯಮವೆನಿಸುತ್ತದೆ.